ಪರನಾಡಿನ ಕಾಡಿನಲ್ಲಿ ಮೂರು ತಿಂಗಳು



ಹಿಂದಿನ ವರ್ಷದ ಶ್ರಾವಣದಲ್ಲಿ, ನಮಗೆ ಬಹುಕಾಲದಿಂದ ಪರಿಚಿತರಾದ ಧಾರವಾಡ ಸೀಮೆಯ ಒಕ್ಕಲು ಮನೆತನದ ಯಜಮಾನರೊಬ್ಬರು ತಮ್ಮ ಮಗನನ್ನು ಕರೆದುಕೊಂಡು ನಮ್ಮಲ್ಲಿಗೆ ಬಂದಿದ್ದರು. ಮಗ ಶಿರಸಿಯಲ್ಲಿ ಅರಣ್ಯಶಾಸ್ತ್ರ ಓದಿ ಪದವಿ ಪಡೆದವನು. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶಕ್ಕೆ ಹೋಗಿ, ಅಲ್ಲಿಯ ಮಳೆಕಾಡನ್ನು ಕಾಯುವ ಕೆಲಸದಲ್ಲಿ ಮೂರು ತಿಂಗಳು ಸ್ವಯಂಸೇವಕನಾಗಿ ದುಡಿಯಬೇಕೆಂಬುದು ಅವನ ಹಂಬಲ. ಸಂಬಳವಿಲ್ಲ, ವಿಮಾನದ ವೆಚ್ಚ, ಊಟ ವಸತಿಯ ವೆಚ್ಚ ಎಲ್ಲವೂ ಕೈಯಿಂದಲೇ. ತಂದೆಗೆ ಹಣದ ಚಿಂತೆ, ತಾಯಿಗೆ ದೂರದ ಚಿಂತೆ. ಆದರೆ ಮನೆಯ ಹಿರಿಯ ಜೀವವಾದ ಅಜ್ಜಿ ಕೇಳಿದ ಪ್ರಶ್ನೆಯೇ ಬೇರೆ: "ನಮ್ಮ ಹೊಲದ ಬದುವಿಗೆ ಒಂದು ಗಿಡ ಹಚ್ಚಲಿಲ್ಲ. ಸಮುದ್ರ ದಾಟಿ ಹೋಗಿ ಮಂದಿ ಅಡವ್ಯಾಗ ಗಿಡ ಹಚ್ಚತಾನಂತ. ಹಚ್ಚಿದ್ದು ಹತ್ತಿತೋ ಇಲ್ಲೋ ನೋಡಾಕ ಇಂವ ಅಲ್ಲಿರತಾನೇನು?"

ಈ ಮಾತನ್ನು ಹೇಳಿ ಯಜಮಾನರು ನಕ್ಕರು. ನಮಗೆ ನಗು ಬರಲಿಲ್ಲ. ಪರದೇಶಕ್ಕೆ ಸೇವೆಗೆಂದು ಹೊರಡುವ ಪ್ರತಿಯೊಬ್ಬರೂ ಉತ್ತರಿಸಬೇಕಾದ ಪ್ರಶ್ನೆಯನ್ನು ಆ ತಾಯಿ ಕೇಳಿದ್ದರು. ಆದ್ದರಿಂದ ನಾವು ಆ ತರುಣನಿಗೆ "ಹೋಗು" ಎಂದೂ ಹೇಳಲಿಲ್ಲ, "ಬೇಡ" ಎಂದೂ ಹೇಳಲಿಲ್ಲ. "ಆ ಕಾಡನ್ನು ಈವರೆಗೆ ಉಳಿಸಿದವರು ಯಾರು, ಹೇಗೆ ಉಳಿಸಿದರು ಎಂಬುದನ್ನು ಮೊದಲು ತಿಳಿದುಕೊಂಡು ಬಾ" ಎಂದೆವು. ಒಂದು ತಿಂಗಳು ಕಳೆದು ಅವನು ತಂದ ವೃತ್ತಾಂತವನ್ನು ವಾಚಕರ ಮುಂದಿಡುವುದು ಉಚಿತವೆಂದು ಭಾವಿಸುತ್ತೇವೆ.

ಕೋಸ್ಟರಿಕಾ ಪುಟ್ಟ ದೇಶ. ಅದರ ವಿಸ್ತೀರ್ಣ ಸುಮಾರು 51,100 ಚದರ ಕಿಲೋಮೀಟರು. ನಮ್ಮ ಕರ್ನಾಟಕದ ಕಾಲು ಭಾಗಕ್ಕಿಂತ ತುಸು ಹೆಚ್ಚು. 1948ರಲ್ಲಿ ಆ ದೇಶ ತನ್ನ ಸೈನ್ಯವನ್ನೇ ವಿಸರ್ಜಿಸಿತು. ಈ ಸಂಗತಿಯಿಂದ ಆಕರ್ಷಿತರಾಗಿ 1951ರಲ್ಲಿ ಅಮೆರಿಕದ ಅಲಬಾಮಾ ಪ್ರಾಂತದಿಂದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಅಲ್ಲಿಗೆ ವಲಸೆ ಬಂದವು. ಯುದ್ಧವನ್ನು ಒಪ್ಪದ ಪಂಥವದು. ಸೈನ್ಯಕ್ಕೆ ಹೆಸರು ಬರೆಸಲು ನಿರಾಕರಿಸಿದ ಕಾರಣಕ್ಕೆ ಅವರಲ್ಲಿ ನಾಲ್ವರು ತರುಣರು ಸೆರೆಮನೆವಾಸ ಅನುಭವಿಸಿದ್ದರು. ಬಂದವರು ಬೆಟ್ಟದ ಮೇಲೆ ಭೂಮಿ ಕೊಂಡು, ಹಸು ಸಾಕಿ, ಹಾಲಿನಿಂದ ಚೀಸ್ ತಯಾರಿಸಿ ಬದುಕು ಕಟ್ಟಿಕೊಂಡರು. ಆ ಊರಿಗೆ ಮಾಂಟೆವರ್ಡೆ, ಅಂದರೆ ಹಸಿರು ಬೆಟ್ಟ, ಎಂದು ಹೆಸರಿಟ್ಟರು. ಕೊಂಡ ಭೂಮಿಯಲ್ಲಿ ಸುಮಾರು ಮೂರನೆಯ ಒಂದು ಭಾಗವನ್ನು, ಹಳ್ಳದ ನೀರು ಬತ್ತಬಾರದೆಂಬ ವಿವೇಕದಿಂದ, ಕೊಡಲಿ ಸೋಕಿಸದೆ ಹಾಗೆಯೇ ಬಿಟ್ಟರು.

ಸುಮಾರು 1,500 ಮೀಟರು ಎತ್ತರದ ಆ ಕಾಡಿಗೆ ಮೋಡಗಳೇ ಆಧಾರ. ಕೆರಿಬಿಯನ್ ಕಡಲ ಕಡೆಯಿಂದ ಬೀಸುವ ಗಾಳಿ ಬೆಟ್ಟವೇರಿ ತಂಪಾಗಿ ಮಂಜಾಗುತ್ತದೆ. ಆ ಮಂಜು ಎಲೆ, ಕೊಂಬೆ, ಹಾವಸೆಗಳಿಗೆ ತಾಗಿ ಹನಿಯಾಗಿ ಇಳಿಯುತ್ತದೆ. ಮಳೆ ಬಾರದ ದಿನವೂ ಕಾಡು ನೆನೆದಿರುತ್ತದೆ; ಕೆಳಗಿನ ಹಳ್ಳಗಳು ಹರಿಯುತ್ತಿರುತ್ತವೆ. ಮರ ಹೋದರೆ ಆ ಮಂಜನ್ನು ಹಿಡಿದು ನೆಲಕ್ಕಿಳಿಸುವವರು ಯಾರೂ ಇರುವುದಿಲ್ಲ.

ಆದರೆ ಅದೇ ಕಾಲಕ್ಕೆ ಉಳಿದ ದೇಶದಲ್ಲಿ ನಡೆದದ್ದು ಬೇರೆ. ದನದ ಮಾಂಸದ ರಫ್ತಿಗಾಗಿ ಹುಲ್ಲುಗಾವಲು ಮಾಡಲು ಬ್ಯಾಂಕುಗಳು ಸುಲಭವಾಗಿ ಸಾಲ ಕೊಟ್ಟವು. ಕಾಡು ಕಡಿದು ಬಯಲು ಮಾಡಿದವನೇ ಭೂಮಿಯನ್ನು ಸುಧಾರಿಸಿದವನೆಂದು ಹಕ್ಕು ಪಡೆಯುತ್ತಿದ್ದನು. ಹೀಗಾಗಿ 1940ರ ದಶಕದಲ್ಲಿ ದೇಶದ ಮುಕ್ಕಾಲು ಭಾಗವನ್ನು ಆವರಿಸಿದ್ದ ಕಾಡು, 1980ರ ದಶಕದ ಹೊತ್ತಿಗೆ ಸುಮಾರು ಕಾಲು ಭಾಗಕ್ಕೆ ಕುಗ್ಗಿತು. ಈ ವಿನಾಶದ ನಡುವೆ, 1972ರಲ್ಲಿ ಜಾರ್ಜ್ ಪೊವೆಲ್ ಎಂಬ ಜೀವವಿಜ್ಞಾನಿಯೂ ವಿಲ್ಫರ್ಡ್ ಗಿಂಡನ್ ಎಂಬ ಕ್ವೇಕರ್ ಒಕ್ಕಲಿಗನೂ ಕೂಡಿ ಮಾಂಟೆವರ್ಡೆಯ ಕಾಡಿಗೆ ರಕ್ಷಣೆಯ ವ್ಯವಸ್ಥೆ ಮಾಡಿದರು. 1986ರಲ್ಲಿ ಊರವರೂ ವಿಜ್ಞಾನಿಗಳೂ ಸೇರಿ ಮಾಂಟೆವರ್ಡೆ ಸಂರಕ್ಷಣಾ ಸಂಘವನ್ನು ಸ್ಥಾಪಿಸಿದರು.

ಮರುವರ್ಷ, 1987ರಲ್ಲಿ, ಸ್ವೀಡನ್ ದೇಶದ ಹಳ್ಳಿಯ ಶಾಲೆಯೊಂದರಲ್ಲಿ ಏಹಾ ಕೆರ್ನ್ ಎಂಬ ಶಿಕ್ಷಕಿ ಮಕ್ಕಳಿಗೆ ಮಳೆಕಾಡಿನ ಪಾಠ ಹೇಳುತ್ತಿದ್ದರು. ಕಾಡು ಅಳಿಯುತ್ತಿರುವುದನ್ನು ಕೇಳಿದ ಪುಟ್ಟ ಬಾಲಕನೊಬ್ಬ ಅದನ್ನು ತಡೆಯಲು ತಾವೇನು ಮಾಡಬಹುದೆಂದು ಕೇಳಿದ. ಮಾಂಟೆವರ್ಡೆಯಲ್ಲಿ ಸಂಶೋಧನೆ ಮಾಡಿದ್ದ ವಿಜ್ಞಾನಿಯೊಬ್ಬರನ್ನು ಶಿಕ್ಷಕಿ ತರಗತಿಗೆ ಕರೆಸಿದರು. ಮಕ್ಕಳು ಕೂಡಿಸಿದ ಹಣದಿಂದ ಮೊದಲು ಆರು ಹೆಕ್ಟೇರ್ ಕಾಡು ಕೊಳ್ಳಲಾಯಿತು. ಸುದ್ದಿ ಹರಡಿ 44 ದೇಶಗಳ ಮಕ್ಕಳು ಕೈಜೋಡಿಸಿದರು. 'ಮಕ್ಕಳ ಶಾಶ್ವತ ಮಳೆಕಾಡು' ಎಂದು ಹೆಸರಾದ ಅದು ಈಗ ಸುಮಾರು 23,000 ಹೆಕ್ಟೇರಿಗೆ ಬೆಳೆದಿದೆ.

ಕೊಂಡು ಬೇಲಿ ಹಾಕಿದ ಮಾತ್ರಕ್ಕೆ ಕಾಡು ಉಳಿಯಿತೆಂದು ತಿಳಿಯಬಾರದು. ಆ ಬೆಟ್ಟದಲ್ಲಿ ಮಾತ್ರ ಕಾಣಸಿಗುತ್ತಿದ್ದ ಹೊನ್ನಬಣ್ಣದ ಕಪ್ಪೆಯೊಂದಿತ್ತು. 1987ರಲ್ಲಿ ಸಾವಿರಕ್ಕೂ ಮಿಕ್ಕಿ ಎಣಿಕೆಗೆ ಸಿಕ್ಕ ಆ ಕಪ್ಪೆ, 1989ರಲ್ಲಿ ಒಂದೇ ಒಂದು ಕಂಡಿತು. ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಆ ಕಾಡಿಗೆ ಆಗಲೇ ರಕ್ಷಣೆಯಿತ್ತು. ರೋಗ ತರುವ ಶಿಲೀಂಧ್ರವನ್ನೂ ಹವಾಮಾನದ ಏರುಪೇರನ್ನೂ ವಿಜ್ಞಾನಿಗಳು ಕಾರಣವೆಂದು ಹೇಳುತ್ತಾರೆ. ಕಾಡು ಕಾಯುವುದೆಂದರೆ ಒಂದು ದಿನದ ದಾನವಲ್ಲ, ನಿತ್ಯದ ಎಚ್ಚರ.

ಇಷ್ಟನ್ನು ತಿಳಿದು ಬಂದ ಮೇಲೆ ತರುಣನ ಮಾತಿನ ಧಾಟಿಯೇ ಬದಲಾಗಿತ್ತು. "ಕಾಡು ಉಳಿಸಲು ಹೋಗುತ್ತೇನೆ" ಎನ್ನುತ್ತಿದ್ದವನು, "ಉಳಿಸಿದವರ ಕೈಕೆಳಗೆ ಕೆಲಸ ಕಲಿತು ಬರುತ್ತೇನೆ" ಎಂದನು. ಹುಲ್ಲುಗಾವಲು ಮತ್ತೆ ಕಾಡಾಗುವುದನ್ನು ಕಣ್ಣಾರೆ ಕಾಣಬೇಕೆಂಬುದೇ ಅವನ ಮುಖ್ಯ ಉದ್ದೇಶವಾಗಿತ್ತು. ಮೊದಲು ಅವನು ಪತ್ರ ಬರೆದಿದ್ದ ಮಧ್ಯವರ್ತಿ ಸಂಸ್ಥೆಯೊಂದು ಭಾರಿ ಮೊತ್ತ ಕೇಳಿ, ಕಾಡುಪ್ರಾಣಿಗಳ ಮರಿಗಳನ್ನು ಎತ್ತಿ ಮುದ್ದಾಡಿಸುವ ಆಸೆ ತೋರಿಸಿತ್ತು. ಆ ಹಣದಲ್ಲಿ ಕಾಡಿಗೆ ತಲುಪುವುದೆಷ್ಟು ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ. ಅದನ್ನು ಬಿಟ್ಟು, ಊರವರೇ ನಡೆಸುವ ಚಿಕ್ಕ ಸಸ್ಯಪಾಲನಾ ಕೇಂದ್ರವೊಂದನ್ನು ಹುಡುಕಿಕೊಂಡನು. ಜನವರಿಯಲ್ಲಿ ಹೋಗಿ ಯುಗಾದಿಯ ಹೊತ್ತಿಗೆ ಹಿಂದಿರುಗಿದನು.

ಬಂದು ಹೇಳಿದ ಮೊದಲ ಮಾತು: ಮೂರು ತಿಂಗಳಲ್ಲಿ ಅವನು ಒಂದು ಗಿಡವನ್ನೂ ನೆಟ್ಟಿರಲಿಲ್ಲ! ಅಲ್ಲಿ ಮಳೆಗಾಲ ಹಿಡಿಯುವುದು ಮೇ ತಿಂಗಳಲ್ಲಿ. ನೆಡುವ ಕೆಲಸ ಆಗಲೇ. ಇವನ ಪಾಲಿಗೆ ಬಂದದ್ದು ಮೂರು ಕೆಲಸ. ಬೆಳಗಿನಲ್ಲಿ ಮಣ್ಣು ಜರಡಿ ಹಿಡಿದು ಸಸಿಯ ಚೀಲ ತುಂಬುವುದು. ಹಗಲಲ್ಲಿ, ಹಿಂದಿನ ವರ್ಷ ನೆಟ್ಟ ಸಸಿಗಳ ಬುಡ ಬಿಡಿಸುವುದು. ದನಗಳಿಗೆಂದು ಆಫ್ರಿಕಾದಿಂದ ತಂದು ಬೆಳೆಸಿದ ಹುಲ್ಲು ಸಸಿಗಿಂತ ಬೇಗ ಬೆಳೆದು ಅದನ್ನು ಅಡಗಿಸಿಬಿಡುತ್ತದೆ. ಮೂರನೆಯದು, ಬದುಕಿದ ಸಸಿ, ಸತ್ತ ಸಸಿಗಳನ್ನು ಸಾಲು ಹಿಡಿದು ಎಣಿಸಿ, ಎತ್ತರ ಅಳೆದು ಪುಸ್ತಕದಲ್ಲಿ ಬರೆಯುವುದು. ಮೊದಲ ಎರಡು ವಾರ ಅವನಿಗೆ ಅವಮಾನವೆನಿಸಿತಂತೆ. ಪದವಿ ಪಡೆದು, ಅಪ್ಪನ ಹಣ ಸುರಿದು ಬಂದದ್ದು ಮಣ್ಣು ತುಂಬುವುದಕ್ಕೇ ಎಂದು ರಾತ್ರಿ ನಿದ್ರೆ ಬರುತ್ತಿರಲಿಲ್ಲವಂತೆ.

ಅವನ ಮನಸ್ಸು ತಿಳಿಯಾದದ್ದು ಅಲ್ಲಿಯ ವೃದ್ಧ ಕಾವಲುಗಾರನೊಬ್ಬನ ಜೊತೆಯಲ್ಲಿ ಓಡಾಡಿದ ಮೇಲೆ. ಆ ವೃದ್ಧ ತಾರುಣ್ಯದಲ್ಲಿ ತನ್ನ ತಂದೆಯೊಡನೆ ಅದೇ ಬೆಟ್ಟದ ಕಾಡು ಕಡಿದು ಗಾವಲು ಮಾಡಿದವನು. ಈಗ ಅದೇ ಗಾವಲಿನಲ್ಲಿ ಸಸಿ ಸಲಹುತ್ತಿದ್ದಾನೆ. ಕೆಟ್ಸಾಲ್ ಎಂಬ ಪಚ್ಚೆಬಣ್ಣದ ಉದ್ದ ಬಾಲದ ಹಕ್ಕಿ, ಬೆಣ್ಣೆಹಣ್ಣಿನ ಕುಲದ ಕಾಡುಮರಗಳ ಹಣ್ಣನ್ನು ಇಡಿಯಾಗಿ ನುಂಗಿ ಬೀಜವನ್ನು ದೂರದಲ್ಲಿ ಉಗುಳುವುದನ್ನು ಅವನೇ ತೋರಿಸಿದನಂತೆ. ಮರಿ ಮಾಡಿದ ಮೇಲೆ ಆ ಹಕ್ಕಿ ಹಣ್ಣು ಅರಸುತ್ತ ಬೆಟ್ಟದಿಂದ ಕೆಳಗಿಳಿಯುತ್ತದೆ. ಕೆಳಗೆ ಕಾಡಿಲ್ಲದಿದ್ದರೆ ಮೇಲಿನ ರಕ್ಷಿತ ಕಾಡಿನಿಂದಷ್ಟೇ ಅದರ ಹೊಟ್ಟೆ ತುಂಬುವುದಿಲ್ಲ. ಅದಕ್ಕಾಗಿಯೇ ಇಳಿಜಾರಿನ ಒಕ್ಕಲಿಗರ ಗಾವಲುಗಳಲ್ಲಿ ಮರ ಬೆಳೆಸುವ ಪ್ರಯತ್ನ. ಗಾಳಿಯ ಹೊಡೆತ ತಡೆಯಲು ಒಕ್ಕಲಿಗರು ಬದುವಿನಲ್ಲಿ ಹಚ್ಚಿದ ಮರದ ಸಾಲುಗಳಲ್ಲಿ ಹಕ್ಕಿಗಳು ಕುಳಿತು ಬೀಜ ಉದುರಿಸಿ, ಸಾಲಿನ ಅಡಿಯಲ್ಲಿ ಕಾಡಿನ ಸಸಿಗಳು ತಾವಾಗಿಯೇ ಎದ್ದಿರುವುದನ್ನೂ ತರುಣ ಕಂಡನು. ಹೊಲದ ಬದುವೇ ಕಾಡಿಗೆ ಸೇತುವೆಯಾಗಿತ್ತು!

ಸರ್ಕಾರವೂ ಕೈಕಟ್ಟಿ ಕುಳಿತಿರಲಿಲ್ಲ. 1996ರ ಅರಣ್ಯ ಕಾಯಿದೆ ಕಾಡನ್ನು ಕಡಿದು ಬಯಲು ಮಾಡುವುದನ್ನು ನಿಷೇಧಿಸಿತು. 1997ರಿಂದ, ಕಾಡು ಉಳಿಸಿಕೊಂಡ ಭೂಮಾಲಿಕರಿಗೆ ಇಂಧನ ತೆರಿಗೆಯ ಒಂದು ಪಾಲಿನಿಂದ ಹಣ ಸಲ್ಲುತ್ತಿದೆ. ಇಂದು ಆ ದೇಶದ ಅರ್ಧಕ್ಕಿಂತ ಹೆಚ್ಚು ಭೂಮಿಯಲ್ಲಿ ಮತ್ತೆ ಕಾಡಿದೆ. ಇದನ್ನು ಸಾಧಿಸಿದವರು ಮೂರು ತಿಂಗಳಿಗೆ ಬಂದು ಹೋಗುವ ಅತಿಥಿಗಳಲ್ಲ. ಅಲ್ಲಿಯ ಕಾನೂನು, ಅಲ್ಲಿಯ ಒಕ್ಕಲಿಗರು, ಅಲ್ಲಿಯ ಕಾವಲುಗಾರರು. ಅತಿಥಿಯ ದುಡಿಮೆ ಅವರ ದುಡಿಮೆಗೆ ಸೇರಿಸಿದ ಒಂದು ಹಿಡಿ ಮಣ್ಣು. ಆದರೆ ಆ ಒಂದು ಹಿಡಿ, ಬೇಕಾದ ಕಡೆ, ಬೇಕಾದ ಹೊತ್ತಿಗೆ ಬಿದ್ದರೆ ವ್ಯರ್ಥವಾಗುವುದಿಲ್ಲ.

ಮಕ್ಕಳನ್ನು ಇಂಥ ಸೇವೆಗೆ ಕಳುಹಿಸಲಿಚ್ಛಿಸುವ ತಂದೆತಾಯಂದಿರಿಗೆ ನಮ್ಮ ಕೆಲವು ಮಾತುಗಳು. ಕೇಂದ್ರವನ್ನು ನಡೆಸುವವರು ಸ್ಥಳೀಯರೇ ಎಂಬುದನ್ನು ವಿಚಾರಿಸಿರಿ. ಕೊಟ್ಟ ಹಣದ ಲೆಕ್ಕ ಕೇಳಲು ಸಂಕೋಚಪಡಬೇಡಿರಿ. ಕೂಲಿ ಕೊಟ್ಟು ಊರವರಿಂದ ಮಾಡಿಸಬಹುದಾದ ಕೆಲಸವನ್ನು ನಿಮ್ಮ ಮಗ ಪುಕ್ಕಟೆ ಮಾಡಿ ಅವರ ಅನ್ನ ಕಸಿಯುವಂತಿದ್ದರೆ ಬೇಡವೆನ್ನಿರಿ. ಕಾಡುಪ್ರಾಣಿಯನ್ನು ಮುಟ್ಟಿಸುವ ಕಡೆಗೆ ಕಳುಹಿಸಬೇಡಿರಿ. ವೇತನವಿಲ್ಲದ ಕೆಲಸಕ್ಕೆ ವೀಸಾದಲ್ಲಿ ಅವಕಾಶವಿದೆಯೇ, ಆರೋಗ್ಯ ವಿಮೆಯಿದೆಯೇ ಎಂದು ಖಚಿತಪಡಿಸಿಕೊಳ್ಳಿರಿ. ಹೊರಡುವ ಮುನ್ನ ಆ ನಾಡಿನ ಸ್ಪ್ಯಾನಿಷ್ ಭಾಷೆಯನ್ನು ಸ್ವಲ್ಪವಾದರೂ ಕಲಿಯಲಿ. ಊಟದ ಬಗ್ಗೆ ತಾಯಂದಿರು ಹೆಚ್ಚು ಚಿಂತಿಸಬೇಕಾಗಿಲ್ಲ: ಅನ್ನಕ್ಕೆ ಕಪ್ಪು ಕಾಳು ಕೂಡಿಸಿದ 'ಗಾಯೊ ಪಿಂಟೊ' ಅಲ್ಲಿಯ ಬೆಳಗಿನ ತಿಂಡಿ, ಜೊತೆಗೆ ಮೆಕ್ಕೆಜೋಳದ ರೊಟ್ಟಿ. ಆದರೆ ಕೆಲವರು ಅದಕ್ಕೆ ಪ್ರಾಣಿಯ ಕೊಬ್ಬು ಬಳಸುವುದುಂಟು. ಶಾಕಾಹಾರಿಗಳು ಮೊದಲೇ ತಿಳಿಸಿ ಹೇಳಬೇಕು.

ಯುಗಾದಿಯ ಮರುದಿನ ನಾವು ಆ ಮನೆಗೆ ಹೋಗಿದ್ದೆವು. ಮೊಮ್ಮಗ ಮಾಡಿದ ಕೆಲಸವನ್ನೆಲ್ಲ ಕೇಳಿ ಅಜ್ಜಿ, "ಕಳೆ ತಗಿಯೂದು ಕಲಿಯಾಕ ಅಲ್ಲೀಮಟ ಹೋಗಬೇಕಾಗಿತ್ತೇನೋ?" ಎಂದರು. ಮನೆಮಂದಿಯೆಲ್ಲ ನಕ್ಕರು, ತರುಣನೂ ನಕ್ಕನು. ಬಳಿಕ ಆ ತಾಯಿ ತಮ್ಮ ಹಳೆಯ ಪ್ರಶ್ನೆಯನ್ನು ಮರೆಯದೆ ಕೇಳಿದರು: "ಹೋಗಲಿ, ಅವರು ಹಚ್ಚಿದ್ದರಾಗ ಎಷ್ಟು ಹತ್ತಿದುವು?"

ತರುಣನು ಒಳಗೆ ಹೋಗಿ ತನ್ನ ಪುಸ್ತಕ ತಂದನು. ಯಾವ ಸಾಲಿನಲ್ಲಿ ಯಾವ ಸಸಿ ಬದುಕಿತು, ಯಾವುದು ಹುಲ್ಲಿಗೆ ಸೋತಿತು, ಯಾವುದು ಗಾಳಿಗೆ ಮುರಿಯಿತು ಎಂಬುದನ್ನು ಅಜ್ಜಿಯ ಕಾಲಬಳಿ ಕುಳಿತು ಒಂದೊಂದಾಗಿ ಓದಿ ಹೇಳಿದನು. ಅವರು ಕೊನೆಯವರೆಗೂ ಕೇಳಿದರು. ಅವನು ನೆಟ್ಟಿರಲಿಲ್ಲ, ನಿಜ. ಆದರೆ ಕೇಳಿದ ಪ್ರಶ್ನೆಗೆ ಉತ್ತರ ತಂದಿದ್ದನು. "ಈ ಸಲ ಮುಂಗಾರಿಗೆ ನಮ್ಮ ಬದುವಿಗೂ ಒಂದು ಸಾಲು ಹಚ್ಚು. ಇದೇ ಪುಸ್ತಕದಾಗ ಬರಿ. ನಾನು ನೋಡತೀನಿ" ಎಂದರು ಅಜ್ಜಿ.

ಸಾಲು ಹಚ್ಚಿದ್ದಾಗಿದೆ. ಪುಸ್ತಕದ ಉಳಿದ ಹಾಳೆಗಳು ತುಂಬುತ್ತಿವೆ.