ಮಾರಾಟವಾಗದ ನೇಗಿಲುಗಳ ಲೆಕ್ಕ

ದಾವಣಗೆರೆಯ ಶಾಮನೂರಿನಿಂದ ಹೊರಟವನು ಹರಿಹರದ ತುಂಗಭದ್ರೆಯನ್ನು ಮುಟ್ಟುವಷ್ಟರೊಳಗೆ, ಬೃಹತ್ ಸಂಸ್ಥೆಗಳು ಹೇಗೆ ಬೆಳೆಯುತ್ತವೆ, ಹೇಗೆ ಜಡವಾಗುತ್ತವೆ ಎಂಬುದಕ್ಕೆ ಬೇಕಾದ ನಿದರ್ಶನಗಳು ಅವನಿಗೆ ದಾರಿಯುದ್ದಕ್ಕೂ ದೊರೆಯುತ್ತವೆ. ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಬಿರುದನ್ನು ತಂದುಕೊಟ್ಟ ಹತ್ತಿಗಿರಣಿಗಳ ಕಥೆ ಎಲ್ಲರಿಗೂ ಗೊತ್ತಿರುವುದೇ. ನಾನು ಹೇಳಹೊರಟಿರುವುದು 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಹರಿಹರದಲ್ಲಿ ಹುಟ್ಟಿ, ದೇಶದ ಕಾರ್ಖಾನೆಗಳಿಗೆ ಲೇತ್ ಯಂತ್ರಗಳನ್ನು ಒದಗಿಸಿ, ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಕ್ಷೀಣಿಸಿ ಬಾಗಿಲು ಮುಚ್ಚಿದ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯನ್ನು ಕುರಿತು.

ಆ ಮನೆತನದ ಮೂಲಪುರುಷ ಲಕ್ಷ್ಮಣರಾವ್ ಕಿರ್ಲೋಸ್ಕರರು ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದವರು. 1903ರ ಸುಮಾರಿಗೆ ಅವರು ಕಬ್ಬಿಣದ ನೇಗಿಲನ್ನು ಮಾಡಿದಾಗ, ಕಬ್ಬಿಣ ತಾಕಿದ ಮಣ್ಣು ವಿಷವಾಗುತ್ತದೆಂದು ಹೆದರಿದ ರೈತರು ಅದನ್ನು ಕೊಳ್ಳಲೊಲ್ಲದೆ, ಎರಡು ವರ್ಷಗಳ ಕಾಲ ನೇಗಿಲುಗಳು ಹಾಗೆಯೇ ಬಿದ್ದಿದ್ದವೆಂದು ಹೇಳುತ್ತಾರೆ. ಲಕ್ಷ್ಮಣರಾಯರ ಸಾಹಸವನ್ನು ಹೊಗಳುವವರು ಗಮನಿಸದ ಒಂದಂಶ ಇಲ್ಲಿದೆ: ಆ ನಷ್ಟಕ್ಕೆ ಅವರಿಂದ ವಿವರಣೆ ಕೇಳುವ ಮೇಲಧಿಕಾರಿ ಯಾರೂ ಇರಲಿಲ್ಲ. ಸಾವಿರಾರು ಜನ ದುಡಿಯುವ ಕಾರ್ಖಾನೆಯಲ್ಲಿ ಒಬ್ಬ ಫೋರ್‌ಮನ್ನನು ಅಂಥದೇ ಸಾಹಸಕ್ಕೆ ಕೈಹಾಕಿ, ಎರಡು ವರ್ಷ ಮಾರಾಟವಾಗದ ಸರಕನ್ನು ಗೋದಾಮಿನಲ್ಲಿ ತುಂಬಿಸಿಟ್ಟಿದ್ದರೆ, ಆಡಿಟ್‌ನವರ ಒಂದೇ ಟಿಪ್ಪಣಿಯಿಂದ ಅವನ ಪ್ರತಿಭೆಯೂ ಬಡ್ತಿಯೂ ಒಟ್ಟಿಗೆ ಅಸ್ತಂಗತವಾಗುತ್ತಿದ್ದವು.

ದೊಡ್ಡ ಸಂಸ್ಥೆಗಳಲ್ಲಿ ನೂತನ ವಿಚಾರಗಳಿಗೆ ಬರಗಾಲವಿರುತ್ತದೆಂಬ ಮಾತನ್ನು ನಾನು ಒಪ್ಪಲಾರೆ. ಬೆಂಗಳೂರಿನ ಎಚ್‌ಎಂಟಿಯನ್ನೇ ನೋಡಿ. 1984ರಲ್ಲಿ ಟೈಟನ್ ಹುಟ್ಟುವುದಕ್ಕೆ ಮೊದಲೇ ಅದು ಕ್ವಾರ್ಟ್ಜ್ ಗಡಿಯಾರಗಳನ್ನು ತಯಾರಿಸಿತ್ತು. ಆದರೆ ಕೀಲಿಕೊಡುವ ಗಡಿಯಾರಗಳೇ ಕೈತುಂಬ ಲಾಭ ತರುತ್ತಿರುವಾಗ, ಹೊಸತರ ಮೇಲೆ ಸಂಸ್ಥೆಯ ಭವಿಷ್ಯವನ್ನು ಒಡ್ಡುವ ಹೊಣೆಯನ್ನು ಹೊರುವವರು ಅಲ್ಲಿ ಕಾಣಲಿಲ್ಲ. ವಿದ್ಯೆ ಇತ್ತು, ಅನುಮತಿ ಇರಲಿಲ್ಲ. ಹರಿಹರದ ಪತನಕ್ಕೂ ಇದೊಂದೇ ಕಾರಣವೆಂದು ನಾನು ವಾದಿಸುವುದಿಲ್ಲ. 1991ರ ಅನಂತರ ಆಮದಿನ ಬಾಗಿಲು ತೆರೆದದ್ದು, ಗಣಕಯಂತ್ರದ ಆಜ್ಞೆಯಂತೆ ನಡೆಯುವ ಲೇತ್‌ಗಳು ಬಂದದ್ದು, ಇವೆಲ್ಲವೂ ಕೂಡಿಯೇ ಆ ಉದ್ಯಮವನ್ನು ಅಲುಗಿಸಿದವು.

ಈಗ ದಾವಣಗೆರೆಯ ಬೃಹತ್ ಸಂಸ್ಥೆಗಳೆಂದರೆ ವಿದ್ಯಾಸಂಸ್ಥೆಗಳೇ. ಬಾಪೂಜಿ ವಿದ್ಯಾಸಂಸ್ಥೆ 1958ರಲ್ಲಿ ಸ್ಥಾಪಿತವಾದಂದಿನಿಂದ ಊರಿನ ಸ್ವರೂಪವೇ ಬದಲಾಯಿತು. 2018ರಿಂದೀಚೆಗೆ ಕೇಂದ್ರ ಸರ್ಕಾರದ ಪ್ರೇರಣೆಯಿಂದ ದೇಶದ ಕಾಲೇಜುಗಳಲ್ಲೆಲ್ಲ ನಾವೀನ್ಯ ಮಂಡಳಿಗಳು ಏರ್ಪಡುತ್ತಿವೆ. ಭಾಷಣಗಳೂ ಪ್ರಶಸ್ತಿಪತ್ರಗಳೂ ಹೇರಳವಾಗಿ ಸಲ್ಲುತ್ತಿವೆ. ಇಂಥ ಮಂಡಳಿಗಳಿಗೆ ನಾನು ಬಯಸುವುದು ಮತ್ತೊಂದು ಸಭಾಂಗಣವನ್ನಲ್ಲ. ಫಲ ಬಾರದಿದ್ದರೂ ವಸೂಲಿಯ ನೋಟೀಸು ಬಾರದಂಥ ಸ್ವಲ್ಪ ಹಣವನ್ನು, ಅದನ್ನು ತನ್ನ ಒಂದು ರುಜುವಿನಿಂದಲೇ ಖರ್ಚುಮಾಡಬಲ್ಲ ಒಬ್ಬ ಅಧ್ಯಾಪಕನನ್ನು. ಇಂದು ಆತ ಒಂದು ಮೋಟಾರು ಕೊಳ್ಳಬೇಕಾದರೂ ಇಂಡೆಂಟ್ ಬರೆದು ಮೂರು ಕೊಟೇಶನ್ ಲಗತ್ತಿಸಬೇಕು. ಜಗತ್ತಿನಲ್ಲಿ ಇನ್ನೂ ಯಾರೂ ಮಾಡದ ವಸ್ತುವಿಗೆ ಮೂರು ಕೊಟೇಶನ್‌ಗಳನ್ನು ಆತ ತರುವುದಾದರೂ ಯಾವ ಅಂಗಡಿಯಿಂದ?