ಬ್ರಿಗೇಡ್ ರೋಡಿನ ಕಲ್ಲು ಯಾರದ್ದು?

ಮೊನ್ನೆ ನಮ್ಮ ಕುರುಬರಹಳ್ಳಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ಗೆಳೆಯನೊಬ್ಬ ಫರ್ಮಾನು ಹೊರಡಿಸಿದ: "ಬ್ರಿಗೇಡ್ ರೋಡು, ರೆಸಿಡೆನ್ಸಿ ರೋಡು ಸೇರೋ ಕಡೆ ಇದೆಯಲ್ಲ ಯುದ್ಧ ಸ್ಮಾರಕ, ಅದು ಬ್ರಿಟಿಷರದ್ದು ಕಣೋ. ಕಿತ್ತು ಹಾಕ್ಬೇಕು. 1964ರಲ್ಲಿ ಸೆನೊಟಾಫ್ ಕೀಳಲಿಲ್ವಾ?"

ಸ್ವಲ್ಪ ತಾಳಿ ಸ್ವಾಮಿ, ಎರಡೂ ಒಂದೇ ಅಲ್ಲ! ಕಾರ್ಪೊರೇಷನ್ ಹತ್ತಿರ ಇದ್ದ ಸೆನೊಟಾಫ್, 1791ರಲ್ಲಿ ಟಿಪ್ಪುವಿನಿಂದ ಬೆಂಗಳೂರು ಕೋಟೆ ಕಿತ್ತುಕೊಳ್ಳುವಾಗ ಸತ್ತ ಕಾರ್ನ್‌ವಾಲಿಸ್ ಸೈನ್ಯದವರ ನೆನಪಿಗೆ ನಿಲ್ಲಿಸಿದ್ದು. ಊರು ಗೆದ್ದವರ ಕಂಬ ಊರ ನಡುವೆ ಯಾಕಿರಬೇಕು? ಹೋದದ್ದೇ ಒಳ್ಳೇದಾಯ್ತು.

ಬ್ರಿಗೇಡ್ ರೋಡಿನದ್ದು ಮದ್ರಾಸ್ ಸ್ಯಾಪರ್ಸ್ ಸ್ಮಾರಕ. ಬರ್ಮಾ, ಮೆಸೊಪೊಟೇಮಿಯಾ, ಪೂರ್ವ ಆಫ್ರಿಕಾ, ವಾಯವ್ಯ ಗಡಿ... ಎಲ್ಲೆಲ್ಲೋ ಸತ್ತವರದ್ದು. ಸ್ಯಾಪರ್ ಅಂದ್ರೆ ಸೇತುವೆ ಕಟ್ಟೋರು, ರಸ್ತೆ ಮಾಡೋರು, ಕಂದಕ ತೋಡೋರು. ನಮ್ಮ ದಕ್ಷಿಣದ ಹುಡುಗರು. ಯುದ್ಧ ಬ್ರಿಟಿಷರದ್ದು ನಿಜ, ಹೆಣ ನಮ್ಮವರದ್ದು. ಸಾಮ್ರಾಜ್ಯದ ಮೇಲಿನ ಸಿಟ್ಟನ್ನ ಸಂಬಳಕ್ಕೆ ಹೋದ ಸಿಪಾಯಿ ಮೇಲೆ ತೀರಿಸಿಕೊಳ್ಳೋದು ಯಾವ ಸೀಮೆ ಅಭಿಮಾನ?

ಅಷ್ಟಕ್ಕೂ "ಬೆಂಗಳೂರು" ಅನ್ನೋ ಹೆಸರು ನಮಗೆ ಮೊದಲು ಸಿಗೋದೇ ಸುಮಾರು ಕ್ರಿ.ಶ. 890ರ ಬೇಗೂರಿನ ವೀರಗಲ್ಲಿನಲ್ಲಿ. ಅದೂ "ಬೆಂಗಳೂರು ಕಾಳಗ"ದಲ್ಲಿ ಸತ್ತವನ ನೆನಪಿಗೆ! ಆ ಕಾಳಗ ಯಾವ ರಾಜನ ಲಾಭಕ್ಕೆ ಅಂತ ಲೆಕ್ಕ ಹಾಕಿ ಆ ಕಲ್ಲು ಒಡೀತೀವಾ?

ಕೀಳೋ ಉತ್ಸಾಹ ಇರೋರು ಬೇರೆ ಕೆಲಸ ಮಾಡಲಿ. ಫುಟ್‌ಪಾತಿನಲ್ಲಿ ಹೋಗೋರು ನಿಂತು ಓದೋ ಹಾಗೆ ದಪ್ಪಕ್ಷರದ ಕನ್ನಡ ಫಲಕ ಹಾಕಿಸಲಿ: ಯಾರು ಸತ್ತರು, ಎಲ್ಲಿ ಸತ್ತರು, ಯಾರ ಯುದ್ಧಕ್ಕೆ ಸತ್ತರು. ಆ ಮೂರನೇದನ್ನ ಮಾತ್ರ ಬಿಡೋ ಹಾಗಿಲ್ಲ. ಅರ್ಜಿ ನಾನು ಬರೀತೀನಿ, ಸಹಿ ಹಾಕೋಕೆ ಯಾರ‍್ಯಾರು ಬರ್ತೀರಿ?