ದೀಪದ ಸ್ವಿಚ್ಚು ಯಾರ ಕೈಯಲ್ಲಿ?

"ಆಪಾ, ನಮ್ಮ ಮನೆಯ ದೀಪ ಹಚ್ಚಲು ನನಗೇ ಅಧಿಕಾರವಿಲ್ಲ. ಅದು ದಮ್ಮಾಮಿನಿಂದಲೇ ಹತ್ತಬೇಕು, ದಮ್ಮಾಮಿನಿಂದಲೇ ಆರಬೇಕು."

ಹೀಗೆಂದವಳು ನನ್ನ ಹಳೆಯ ವಿದ್ಯಾರ್ಥಿನಿ. ಈಗ ಎರಡು ಮಕ್ಕಳ ತಾಯಿ. ಗಂಗಾವತಿಯಿಂದ ಆನೆಗೊಂದಿಗೆ ಹೋಗುವ ದಾರಿಯ ಪಕ್ಕದ ಹಳ್ಳಿಯೊಂದರಲ್ಲಿ ಅತ್ತೆ ಮತ್ತು ಮಕ್ಕಳೊಂದಿಗೆ ವಾಸವಾಗಿದ್ದಾಳೆ. ಪತಿ ಸೌದಿಯಲ್ಲಿದ್ದಾರೆ. ನಗುತ್ತಲೇ ಆರಂಭಿಸಿದ್ದಳು. ಮಾತು ಮುಗಿಯುವಷ್ಟರಲ್ಲಿ ಅವಳ ಕಣ್ಣು ತುಂಬಿತ್ತು. ಒಂದು ದೀಪದ ವಿಷಯಕ್ಕೆ ಇಷ್ಟೇಕೆ ಎಂದು ನನಗೂ ಮೊದಲು ಅನಿಸಿತು. ಪೂರ್ತಿ ಕೇಳಿದ ಮೇಲೆ ಇದು ಅವಳೊಬ್ಬಳ ಮನೆಯ ವಿಷಯವಲ್ಲ ಎಂದು ತಿಳಿಯಿತು. ಆದ್ದರಿಂದ ಅವಳ ಒಪ್ಪಿಗೆ ಪಡೆದೇ ಇಲ್ಲಿ ಬರೆಯುತ್ತಿದ್ದೇನೆ.

ಇದರ ಮೂಲ ವಿರೂಪಾಪುರಗಡ್ಡೆಯಲ್ಲಿದೆ. ಹಂಪಿಯ ವಿರೂಪಾಕ್ಷ ದೇವಾಲಯದ ಎದುರು ದಡದಲ್ಲಿ, ತುಂಗಭದ್ರೆಯ ನೀರು ಸುತ್ತುವರಿದ ನೆಲವದು. ಹೊಳೆಯ ಆಚೆ ಈಗಿನ ವಿಜಯನಗರ ಜಿಲ್ಲೆ, ಈಚೆ ನಮ್ಮ ಕೊಪ್ಪಳ ಜಿಲ್ಲೆ. ದೇಶ ವಿದೇಶಗಳ ಪ್ರವಾಸಿಗರು ದೋಣಿಯಲ್ಲಿ ದಾಟಿ ಬಂದು ಅಲ್ಲಿನ ಗೆಸ್ಟ್ ಹೌಸುಗಳಲ್ಲಿ ತಂಗುತ್ತಿದ್ದ ಕಾಲವೊಂದಿತ್ತು. ಇವಳ ಪತಿ ಅಂಥದೊಂದರಲ್ಲಿ ಅಡುಗೆ ಕೆಲಸಕ್ಕಿದ್ದರು. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಆ ಕಟ್ಟಡಗಳ ತೆರವಿನ ಆದೇಶವನ್ನು ಎತ್ತಿ ಹಿಡಿಯಿತು. ಮಾರ್ಚಿನಲ್ಲಿ ಅವನ್ನು ಕೆಡವಲಾಯಿತು. ಅದೇ ತಿಂಗಳು ಲಾಕ್‌ಡೌನ್ ಕೂಡ ಬಂತು. ಮಾಲೀಕರು ಬಾಕಿ ಸಂಬಳಕ್ಕೆ ಬದಲಾಗಿ ಕೊಟ್ಟದ್ದು ಒಂದಷ್ಟು ಪಾತ್ರೆಗಳು, ಅಂಗಳದಲ್ಲಿದ್ದ 500 ವ್ಯಾಟಿನ ಒಂದು ಹ್ಯಾಲೋಜನ್ ಫೋಕಸ್ ಲೈಟು ಮತ್ತು ಊಟದ ಕೋಣೆಯ ಮಾಡಿನಲ್ಲಿದ್ದ 50 ವ್ಯಾಟಿನ ನಾಲ್ಕು ಪುಟ್ಟ ಹ್ಯಾಲೋಜನ್ ದೀಪಗಳು.

ಕೆಲಸವಿಲ್ಲದ ಎರಡು ವರ್ಷ ಕಳೆದು ಅವರು ದಮ್ಮಾಮಿಗೆ ಹೋದರು. ಕಷ್ಟಪಟ್ಟು ಮನೆ ಸರಿಪಡಿಸಿದರು. ಆ ಹಳೆಯ ದೀಪಗಳನ್ನು ಮರೆಯಲಿಲ್ಲ. ದೊಡ್ಡದನ್ನು ಅಂಗಳಕ್ಕೆ ಹಾಕಿಸಿದರು, ಚಿಕ್ಕವನ್ನು ಹಾಲಿಗೆ. ಕಳೆದ ಸಲ ರಜೆಯಲ್ಲಿ ಬಂದಾಗ, ಬೋರ್ಡಿನ ಹಿಂದೆ ಕೂರಿಸುವ ಎರಡು ಪುಟ್ಟ ಡಬ್ಬಿಗಳನ್ನು ತಂದರು. ಅವು ಮನೆಯ ವೈಫೈಗೆ ಸೇರಿಕೊಳ್ಳುತ್ತವೆ. ಮೊಬೈಲಿನ ಆ್ಯಪ್ ಒತ್ತಿದರೆ ಸಾಕು, ಎಲ್ಲಿದ್ದರೂ ದೀಪ ಹತ್ತಿಸಬಹುದು, ಆರಿಸಬಹುದು, ಬೆಳಕನ್ನು ಮಂದ ಮಾಡಬಹುದು. ಊರಿನ ಎಲೆಕ್ಟ್ರಿಷಿಯನ್ ಒಬ್ಬ ಗೋಡೆಯ ಹಳೆಯ ಸ್ವಿಚ್ಚುಗಳನ್ನು ತಪ್ಪಿಸಿ ದೀಪಗಳನ್ನು ನೇರವಾಗಿ ಆ ಡಬ್ಬಿಗಳಿಗೆ ಜೋಡಿಸಿದ. ಆ್ಯಪ್ ಇದ್ದದ್ದು ಪತಿಯ ಮೊಬೈಲಿನಲ್ಲಿ ಮಾತ್ರ. ರಜೆ ಮುಗಿಯಿತು, ಮೊಬೈಲಿನ ಜೊತೆ ಸ್ವಿಚ್ಚೂ ಹೋಯಿತು.

ತೊಂದರೆ ಆರಂಭವಾದದ್ದು ಆಮೇಲೆ. ರಾತ್ರಿ ಹತ್ತಕ್ಕೆ ಆರಬೇಕಿದ್ದ ಅಂಗಳದ ದೀಪ ಹನ್ನೆರಡೂವರೆಯವರೆಗೂ ಉರಿಯುತ್ತಿತ್ತು. ಎದುರು ಮನೆಯವರಿಗೆ ನಿದ್ದೆಯಿಲ್ಲ. ಮುಂಜಾನೆ ಐದಕ್ಕೆ ಹತ್ತಬೇಕಿದ್ದ ಹಾಲಿನ ದೀಪ ಏಳೂವರೆಗೆ ಹತ್ತುತ್ತಿತ್ತು. ಫಜ್ರ್ ನಮಾಝಿಗೆ ಎದ್ದ ಅತ್ತೆ ಕತ್ತಲಲ್ಲಿ ಗೋಡೆ ತಡವಿ ಸ್ವಿಚ್ಚು ಒತ್ತಿದರು. ಅದಕ್ಕೆ ಜೀವವಿರಲಿಲ್ಲ. ಹೊಸ್ತಿಲು ಎಡವಿ ಬಿದ್ದು ಮೊಣಕಾಲಿಗೆ ಪೆಟ್ಟಾಯಿತು. ಸೊಸೆ ಫೋನು ಮಾಡಿದರೆ ಪತಿ ಡ್ಯೂಟಿಯಲ್ಲಿದ್ದರು. ಮತ್ತೊಂದು ದಿನ ಮಕ್ಕಳು ಓದುತ್ತಿದ್ದಾಗ ಬೆಳಕು ತಾನಾಗಿ ಕುಗ್ಗಿತು. "ಕರೆಂಟು ಉಳಿಸಲು ಅರ್ಧ ಮಾಡಿದ್ದೇನೆ" ಎಂದು ಸಂದೇಶ ಬಂತು. ದೀಪಗಳು ಗುಂಯ್‌ಗುಡುತ್ತಿದ್ದವು. ಅಂಗಳದ ದೀಪದ ಬೋರ್ಡಿನಿಂದ ಪ್ಲಾಸ್ಟಿಕ್ ಸುಟ್ಟ ವಾಸನೆ ಬರುತ್ತಿತ್ತು. ಇಷ್ಟು ಸಾಲದೆಂಬಂತೆ ಶೂನ್ಯ ಬಿಲ್ಲು ಬರುತ್ತಿದ್ದ ಮನೆಗೆ ಪೂರ್ತಿ ಬಿಲ್ಲು ಬಂತು.

"ಉಳಿಸಬೇಕೆಂದೇ ಅವರು ಮಾಡಿದ್ದು, ನನಗೆ ಗೊತ್ತು" ಎಂದಳು ಅವಳು. "ಆದರೆ ಈ ಮನೆಯಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರಿಗೆ ಎಷ್ಟು ಬೆಳಕು ಬೇಕು ಎಂಬುದು ನನಗಲ್ಲವೇ ಗೊತ್ತಿರುವುದು?"

ನನಗೆ ವಿದ್ಯುತ್ತಿನ ವಿದ್ಯೆ ತಿಳಿಯದು. ಗಂಗಾವತಿಯ ಒಬ್ಬ ಅನುಭವಿ ಎಲೆಕ್ಟ್ರಿಷಿಯನ್‌ರನ್ನು ಕರೆದುಕೊಂಡು ಅವಳ ಮನೆಗೆ ಹೋದೆ. ಅವರು ಒಂದೊಂದನ್ನೇ ಬಿಚ್ಚಿ ತೋರಿಸಿದರು. ಅಂದು ನಾನು ಕಲಿತದ್ದನ್ನು, ಆಮೇಲೆ ಓದಿ ತಿಳಿದದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲು ದೀಪವನ್ನು ಗುರುತಿಸಿ

ನಮ್ಮ ಕಡೆ ಅಂಗಳದ ದೊಡ್ಡ ದೀಪಕ್ಕೆಲ್ಲ 'ಹ್ಯಾಲೋಜನ್' ಎನ್ನುವ ರೂಢಿಯಿದೆ. ಈಗ ಅವುಗಳಲ್ಲಿ ಹೆಚ್ಚಿನವು ಎಲ್‌ಇಡಿ. ನಿಜವಾದ ಹ್ಯಾಲೋಜನ್ ಎಂದರೆ ನಮ್ಮ ಹಳೆಯ ತಂತಿ ಬಲ್ಬಿನ ತಮ್ಮ. ಅದರೊಳಗೂ ಟಂಗ್‌ಸ್ಟನ್ ತಂತಿಯೇ ಕಾದು ಬೆಳಗುತ್ತದೆ. ವ್ಯತ್ಯಾಸವಿಷ್ಟೇ: ಗಾಜು ಸಾಮಾನ್ಯದ್ದಲ್ಲ, ಶಾಖ ತಡೆಯುವ ಕ್ವಾರ್ಟ್ಸ್. ಒಳಗೆ ಅಯೋಡಿನ್ ಅಥವಾ ಬ್ರೋಮಿನ್ ಸ್ವಲ್ಪ ಇರುತ್ತದೆ. ತಂತಿಯಿಂದ ಆವಿಯಾಗಿ ಹೊರಟ ಲೋಹವನ್ನು ಅದು ಮತ್ತೆ ತಂತಿಗೇ ಮರಳಿಸುತ್ತದೆ. ಹೀಗಾಗಿ ಗಾಜು ಕಪ್ಪಾಗುವುದಿಲ್ಲ, ಬೆಳಕು ಬೆಳ್ಳಗಿರುತ್ತದೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪೆನಿಯ ವಿಜ್ಞಾನಿಗಳಿಗೆ 1959ರಲ್ಲಿ ಇದರ ಪೇಟೆಂಟ್ ಸಿಕ್ಕಿತು.

ಈ ದೀಪ ವಿಪರೀತ ಬಿಸಿಯಾಗುತ್ತದೆ. ಉರಿಯುವಾಗ ಗಾಜಿನ ಶಾಖವೇ 250 ಡಿಗ್ರಿ ಮೀರಿರುತ್ತದೆ. ಪರದೆ, ಒಣಹುಲ್ಲು, ಚಪ್ಪರದ ಬಟ್ಟೆ ಅದರ ಬಳಿ ಇರಕೂಡದು. ಬಲ್ಬು ಬದಲಿಸುವಾಗ ತಣ್ಣಗಾಗಲು ಬಿಡಬೇಕು. ಹೊಸ ಬಲ್ಬನ್ನು ಬರಿಗೈಯಲ್ಲಿ ಮುಟ್ಟಬಾರದು, ಬಟ್ಟೆಯಲ್ಲಿ ಹಿಡಿಯಬೇಕು. ಬೆರಳಿನ ಎಣ್ಣೆಯಂಶ ಅಂಟಿದ ಜಾಗದಲ್ಲಿ ಗಾಜು ಒಡೆಯಬಹುದು.

ರಾತ್ರಿ ಮಲಗುವ ಮುನ್ನ ದೀಪಗಳನ್ನು ಆರಿಸುವಂತೆ ಪ್ರವಾದಿ(ಸ)ರು ಕಲಿಸಿದ್ದನ್ನು ನಾವು ಮಕ್ಕಳಿಗೆ ಪಾಠ ಹೇಳುತ್ತೇವೆ. ಇಲಿ ಬತ್ತಿಯನ್ನು ಎಳೆದೊಯ್ದು ಮನೆಗೆ ಬೆಂಕಿ ತಗಲೀತು ಎಂಬ ಎಚ್ಚರಿಕೆ ಅದರಲ್ಲಿದೆ. ಬತ್ತಿಯ ಕಾಲ ಹೋಯಿತು. ಆದರೆ ಯಾರೂ ನೋಡಿಕೊಳ್ಳದೆ ಉರಿಯುವ ಬಿಸಿ ದೀಪದ ಅಪಾಯ ಹೋಗಿಲ್ಲ.

ಮಂದ ಮಾಡುವುದು ಹೇಗೆ?

ಮಂದ ಮಾಡುವ ವಿಷಯದಲ್ಲಿ ಹ್ಯಾಲೋಜನ್ ಬಲು ಒಳ್ಳೆಯ ದೀಪ. ಬೆಳಕು ಸರಾಗವಾಗಿ ಇಳಿಯುತ್ತದೆ, ಇಳಿದಂತೆ ಹಳೆಯ ಬುಡ್ಡಿ ದೀಪದ ಹಾಗೆ ಹಳದಿಯಾಗುತ್ತದೆ. ನಮ್ಮ ಮನೆಗೆ ಬರುವ ವಿದ್ಯುತ್ ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಡಿಮ್ಮರ್ ಆ ಪ್ರತಿ ಏರಿಳಿತದಲ್ಲೂ ಒಂದಿಷ್ಟು ಭಾಗವನ್ನು ಕತ್ತರಿಸಿ ಉಳಿದದ್ದನ್ನು ದೀಪಕ್ಕೆ ಬಿಡುತ್ತದೆ. ಕಾದ ತಂತಿ ಅಷ್ಟರಲ್ಲಿ ತಣ್ಣಗಾಗುವುದಿಲ್ಲವಾದ್ದರಿಂದ ನಮ್ಮ ಕಣ್ಣಿಗೆ ಮಿನುಗು ಕಾಣಿಸದು. ಆದರೆ ತಿಂಗಳುಗಟ್ಟಲೆ ತೀರಾ ಮಂದವಾಗಿಯೇ ಉರಿಸಿದರೆ ಗಾಜು ಕಪ್ಪಾಗಬಹುದು. ಆಗಾಗ ಸ್ವಲ್ಪ ಹೊತ್ತು ಪೂರ್ತಿ ಬೆಳಕಿನಲ್ಲಿ ಉರಿಸಬೇಕು.

ಹಾಲಿನ ದೀಪಗಳು ಗುಂಯ್‌ಗುಟ್ಟಿದ್ದೇಕೆ? ಆ ಪುಟ್ಟ ಹ್ಯಾಲೋಜನ್‌ಗಳು 12 ವೋಲ್ಟಿನವು. ನಡುವೆ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಕಬ್ಬಿಣದ ಹಳೆಯ ಟ್ರಾನ್ಸ್‌ಫಾರ್ಮರಿಗೆ ಒಂದು ಬಗೆಯ ಡಿಮ್ಮರ್ ಬೇಕು, ಎಲೆಕ್ಟ್ರಾನಿಕ್ ಟ್ರಾನ್ಸ್‌ಫಾರ್ಮರಿಗೆ ಇನ್ನೊಂದು ಬಗೆಯದು. ಹೊಂದಾಣಿಕೆಯಾಗದಿದ್ದರೆ ಸದ್ದು ಬರುತ್ತದೆ, ಮಿನುಗುತ್ತದೆ, ಕೊನೆಗೆ ಕೆಡುತ್ತದೆ. ಅಂಗಡಿಯಲ್ಲಿ "ಡಿಮ್ಮರ್ ಕೊಡಿ" ಎಂದರೆ ಸಾಲದು. ನಿಮ್ಮ ಟ್ರಾನ್ಸ್‌ಫಾರ್ಮರಿನ ಮೇಲಿರುವ ಬರಹವನ್ನು ತೋರಿಸಿ ಕೇಳಬೇಕು.

ಇನ್ನು ಸುಟ್ಟ ವಾಸನೆ. ಅಂಗಳದ ದೀಪದ ಡಬ್ಬಿಯ ಮೇಲೆ 300 ವ್ಯಾಟ್ ಎಂದು ಸ್ಪಷ್ಟವಾಗಿ ಬರೆದಿತ್ತು. ಅದರ ಮೇಲೆ ಹೇರಿದ್ದು 500 ವ್ಯಾಟ್. "ಆಪಾ, ಕತ್ತೆಯ ಮೇಲೆ ಒಂಟೆಯ ಹೊರೆ ಹೇರಿದ್ದಾರೆ" ಎಂದರು ಎಲೆಕ್ಟ್ರಿಷಿಯನ್. ತಣ್ಣಗಿರುವ ತಂತಿಗೆ ವಿದ್ಯುತ್ ಹರಿದ ಮೊದಲ ಕ್ಷಣದಲ್ಲಿ ಅದು ಹತ್ತು ಪಟ್ಟಿಗಿಂತಲೂ ಹೆಚ್ಚು ಎಳೆಯುತ್ತದಂತೆ. ಆದ್ದರಿಂದ ದೀಪದ ವ್ಯಾಟಿಗಿಂತ ಸ್ವಿಚ್ಚಿನ ವ್ಯಾಟ್ ಸಾಕಷ್ಟು ಹೆಚ್ಚೇ ಇರಬೇಕು. ಫ್ಯಾನಿನ ರೆಗ್ಯುಲೇಟರನ್ನು ದೀಪಕ್ಕೆ, ದೀಪದ ಡಿಮ್ಮರನ್ನು ಫ್ಯಾನಿಗೆ ಹಾಕುವುದೂ ತಪ್ಪು.

ಅರ್ಧ ಬೆಳಕು, ಅರ್ಧ ಬಿಲ್ಲಲ್ಲ

ಪತಿಯ ಲೆಕ್ಕ ತಪ್ಪಿದ್ದು ಇಲ್ಲಿ. ಹ್ಯಾಲೋಜನ್‌ನ ಬೆಳಕನ್ನು ಅರ್ಧಕ್ಕಿಳಿಸಿದರೂ ಅದು ಸುಮಾರು ಮುಕ್ಕಾಲು ಪಾಲು ವಿದ್ಯುತ್ತನ್ನು ತಿನ್ನುತ್ತಲೇ ಇರುತ್ತದೆ. ಬೆಳಕು ಬೇಗ ಇಳಿಯುತ್ತದೆ, ಖರ್ಚು ನಿಧಾನವಾಗಿ ಇಳಿಯುತ್ತದೆ. 500 ವ್ಯಾಟಿನ ದೀಪ ದಿನಕ್ಕೆ ಆರು ಗಂಟೆ ಉರಿದರೆ 3 ಯೂನಿಟ್, ತಿಂಗಳಿಗೆ 90. ಮಂದ ಮಾಡಿದ್ದರಿಂದ ಅದು 65ರ ಆಸುಪಾಸಿಗೆ ಇಳಿದಿರಬಹುದು. ಹಾಲಿನ ನಾಲ್ಕು ದೀಪ ಸೇರಿ 200 ವ್ಯಾಟ್. ಮೊದಲು ಇವಳ ಮನೆಯಲ್ಲಿ ತಿಂಗಳಿಗೆ 120 ಯೂನಿಟ್ಟಿನಷ್ಟು ಖರ್ಚಾಗುತ್ತಿತ್ತು. ಇವೆರಡೂ ಸೇರಿ 200 ದಾಟಿತು. 2023ರ ಜುಲೈಯಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ನಾವೇ ಕಟ್ಟಬೇಕಲ್ಲ.

ಸಮಯ ತಪ್ಪಿದ್ದಕ್ಕೆ ಕಾರಣ ಇನ್ನೂ ಸರಳ. ಆ್ಯಪಿನಲ್ಲಿ ಮನೆಯ ಊರು 'ದಮ್ಮಾಮ್' ಎಂದೇ ಇತ್ತು. ಅಲ್ಲಿನ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಹಿಂದೆ. ಅಲ್ಲಿ ಹತ್ತು ಎಂದರೆ ಇಲ್ಲಿ ಹನ್ನೆರಡೂವರೆ. ಅಲ್ಲಿ ಬೆಳಗಿನ ಐದು ಎಂದರೆ ಇಲ್ಲಿ ಏಳೂವರೆ. ಗಂಡ ದೂರದಿಂದ ಬೇಕೆಂದೇ ಸತಾಯಿಸುತ್ತಿದ್ದಾನೆ ಎಂದು ಅತ್ತೆ ಸೊಸೆ ಇಬ್ಬರೂ ಒಳಗೊಳಗೇ ನೊಂದಿದ್ದರು. ಪಾಪ, ಅವನಿಗೆ ಅದು ಗೊತ್ತೇ ಇರಲಿಲ್ಲ.

ಗೋಡೆಯ ಸ್ವಿಚ್ಚು ಇರಲೇಬೇಕು

ಅಂದು ರಾತ್ರಿ ವೀಡಿಯೊ ಕರೆಯಲ್ಲಿ ಪತಿಯೊಂದಿಗೆ ಮಾತಾಡಿದೆವು. ಅಮ್ಮ ಬಿದ್ದದ್ದನ್ನು ಅವರಿಗೆ ಯಾರೂ ಹೇಳಿರಲಿಲ್ಲ, ಪರದೇಶದಲ್ಲಿರುವ ಮಗ ನೊಂದುಕೊಳ್ಳಬಾರದೆಂದು. ಅವರು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಆಪಾ, ಇಲ್ಲಿ ರೂಮಿನಲ್ಲಿ ಒಬ್ಬನೇ ಕೂತಾಗ ಮನೆಯ ದೀಪ ಹಚ್ಚಿದರೆ ನಾನೂ ಮನೆಯಲ್ಲೇ ಇದ್ದೇನೆ ಅನಿಸುತ್ತಿತ್ತು" ಎಂದರು. ಸೊಸೆ ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವಳಿಗೆ ಅಧಿಕಾರವೆಂದು ಕಂಡದ್ದು ಅವರಿಗೆ ಹಂಬಲವಾಗಿತ್ತು. ಇಬ್ಬರೂ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ.

ಮರುದಿನ ಎಲೆಕ್ಟ್ರಿಷಿಯನ್ ಎಲ್ಲವನ್ನೂ ಸರಿಪಡಿಸಿದರು. ಅಂಗಳದ ಹ್ಯಾಲೋಜನ್ ಇಳಿಸಿ 30 ವ್ಯಾಟಿನ ಎಲ್‌ಇಡಿ ಹಾಕಿದರು. ಹಳ್ಳಿಯ ಮನೆಯಂಗಳಕ್ಕೆ ಅಷ್ಟು ಸಾಕು. ಹತ್ತು ಗಂಟೆಗೆ ಆರಿದರೆ ತಿಂಗಳಿಗೆ ಮೂರು ಯೂನಿಟ್ಟಿನ ಆಸುಪಾಸು ಆಗುತ್ತದೆ, ಅಷ್ಟೇ. 500 ವ್ಯಾಟಿನಷ್ಟೇ ಬೆಳಕು ಬೇಕೆನ್ನುವವರಿಗೂ ಸುಮಾರು 100 ವ್ಯಾಟಿನ ಎಲ್‌ಇಡಿ ಸಾಲುತ್ತದೆ. ಹಾಲಿನಲ್ಲಿ ಎರಡು ಹ್ಯಾಲೋಜನ್‌ಗಳನ್ನು ಉಳಿಸಿಕೊಂಡು, ಅವುಗಳ ಟ್ರಾನ್ಸ್‌ಫಾರ್ಮರಿಗೆ ಸರಿಹೊಂದುವ ಡಿಮ್ಮರ್ ಹಾಕಿದರು. ಕಣ್ಣಿನ ಪೊರೆ ತೆಗೆಸಿಕೊಂಡ ಅತ್ತೆಗೆ ಆ ಮಂದ ಹಳದಿ ಬೆಳಕೇ ಹಿತವಂತೆ. ಮಕ್ಕಳ ಓದಿಗೆ ಬೇರೆ ಟ್ಯೂಬ್‌ಲೈಟು ಬಂತು.

ಮುಖ್ಯವಾದ ಬದಲಾವಣೆಯೆಂದರೆ ಗೋಡೆಯ ಸ್ವಿಚ್ಚಿಗೆ ಮತ್ತೆ ಜೀವ ಬಂತು. ಇಂತಹ ಹೆಚ್ಚಿನ ಡಬ್ಬಿಗಳಲ್ಲಿ ಹಳೆಯ ಸ್ವಿಚ್ಚಿನ ತಂತಿ ಸೇರಿಸಲು ಜಾಗವಿರುತ್ತದೆ. ಆಗ ಮೊಬೈಲಿನಿಂದಲೂ ಹತ್ತಿಸಬಹುದು, ಗೋಡೆಯಿಂದಲೂ ಹತ್ತಿಸಬಹುದು. ಇಂಟರ್ನೆಟ್ ಹೋದರೂ ದೀಪ ನಮ್ಮ ಕೈಯಲ್ಲೇ ಇರುತ್ತದೆ.

ಇಂತಹ ಸಲಕರಣೆ ಮನೆಗೆ ತರುವ ಸಹೋದರಿಯರು ಇನ್ನೂ ಕೆಲವನ್ನು ನೆನಪಿಡಬೇಕು. ಈ ಡಬ್ಬಿಗಳಲ್ಲಿ ಹೆಚ್ಚಿನವಕ್ಕೆ ಬೋರ್ಡಿನಲ್ಲಿ ನ್ಯೂಟ್ರಲ್ ತಂತಿ ಬೇಕು. ನಮ್ಮ ಕಡೆ ಬೋರ್ಡಿನಲ್ಲೇ ಪ್ಲಗ್ ಇರುವುದರಿಂದ ಅದು ಸಾಮಾನ್ಯವಾಗಿ ಸಿಗುತ್ತದೆ. ಆದರೂ ಮೊದಲೇ ನೋಡಿಸಿ. ಕರೆಂಟು ಹೋಗಿ ಬಂದಾಗ ದೀಪ ತಾನಾಗಿ ಹತ್ತಬೇಕೋ ಆರಿಯೇ ಇರಬೇಕೋ ಎಂಬುದನ್ನು ಹಲವು ಆ್ಯಪ್‌ಗಳಲ್ಲಿ ನಾವೇ ಹೇಳಿಡಬಹುದು. ಹೇಳದಿದ್ದರೆ ನಡುರಾತ್ರಿ ಹತ್ತಿ ಬೆಳಗಿನವರೆಗೆ ಉರಿದೀತು. ಆ್ಯಪ್ ಮನೆಯಲ್ಲಿರುವವರ ಮೊಬೈಲಿನಲ್ಲೂ ಇರಲಿ, ಪಾಸ್‌ವರ್ಡ್ ಹೊರಗಿನವರಿಗೆ ತಿಳಿಯದಿರಲಿ. ಎಲ್‌ಇಡಿಯನ್ನು ಮಂದ ಮಾಡುವುದಾದರೆ ಡಬ್ಬದ ಮೇಲೆ 'ಡಿಮ್ಮೇಬಲ್' ಎಂದು ಬರೆದದ್ದನ್ನೇ ಕೊಳ್ಳಿ. ತಂತಿಯ ಕೆಲಸವನ್ನು ಮಾತ್ರ ತಿಳಿದವರಿಂದಲೇ ಮಾಡಿಸಿ.

ದೂರದ ಬಾಗಿಲ ದೀಪವನ್ನು ಹಾಸಿಗೆಯಿಂದಲೇ ಆರಿಸುವುದು ಕಾಲುನೋವಿರುವವರಿಗೆ ದೊಡ್ಡ ಸಹಾಯ. ಊರಿಗೆ ಹೋದಾಗ ಸಂಜೆ ಮನೆಯಲ್ಲಿ ಬೆಳಕಿರುವಂತೆ ಮಾಡುವುದೂ ಒಳ್ಳೆಯದೇ. ಇಂತಹ ಅನುಕೂಲವನ್ನು ಬೇಡವೆನ್ನಬೇಕಿಲ್ಲ. ಆದರೆ ಮನೆಗೊಂದು ಹೊಸ ಸಲಕರಣೆ ಬರುವಾಗ ಅದನ್ನು ದಿನವೂ ಬಳಸುವವರನ್ನು ಕೂರಿಸಿಕೊಂಡು ಒಂದು ಮಾತು ಕೇಳಿದರೆ ಅರ್ಧ ತೊಂದರೆ ಅಲ್ಲೇ ನೀಗುತ್ತದೆ.

ಮೊನ್ನೆ ಅವಳು ಫೋನು ಮಾಡಿದ್ದಳು. ಬಿಲ್ಲು ಮತ್ತೆ ಶೂನ್ಯವಾಗಿದೆಯಂತೆ. ಅತ್ತೆಯ ಮೊಣಕಾಲು ವಾಸಿಯಾಗಿದೆ. ಮಗ್ರಿಬ್ ಹೊತ್ತಿಗೆ ಅಂಗಳದ ದೀಪವನ್ನು ಈಗಲೂ ದಮ್ಮಾಮಿನಿಂದಲೇ ಪತಿ ಹತ್ತಿಸುತ್ತಾರಂತೆ. "ಅದೊಂದನ್ನು ಅವರಿಗೇ ಬಿಟ್ಟಿದ್ದೇನೆ ಆಪಾ" ಎಂದಳು. "ಆರಿಸುವುದು ಮಾತ್ರ ನಾನು."